ಪಟ್ಟಣಕ್ಕೆ ಬಂದ ಮೇಲೆ ಬಿಳಿಮುಟ್ಟು: ತುಮಕೂರಿನ ಓದುಗರೊಬ್ಬರಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಮಧುಗಿರಿ ತಾಲ್ಲೂಕಿನ ಹಳ್ಳಿಯಿಂದ ಆರು ವರ್ಷದ ಹಿಂದೆ ತುಮಕೂರಿಗೆ ಬಂದು ಕ್ಯಾತ್ಸಂದ್ರದ ಬಳಿ ಬಾಡಿಗೆ ಮನೆಯಲ್ಲಿದ್ದೇವೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಇಬ್ಬರು ಮಕ್ಕಳು, ಆಪರೇಷನ್ ಆಗಿದೆ. ಎರಡು ವರ್ಷಗಳಿಂದ ಬಿಳಿಮುಟ್ಟು, ತುರಿಕೆ, ಕೆಲವೊಮ್ಮೆ ವಾಸನೆ, ಮೂತ್ರ ಮಾಡುವಾಗ ಉರಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಮಾತ್ರೆ ನುಂಗಿದರೆ ಹದಿನೈದು ದಿನ ಸರಿಯಾಗಿ ಮತ್ತೆ ಬರುತ್ತದೆ. ಊರಿನಲ್ಲಿದ್ದಾಗ ಇದೆಲ್ಲ ಇರಲಿಲ್ಲ, ಪಟ್ಟಣದ ನೀರು, ಪಟ್ಟಣದ ಊಟದಿಂದ ಉಷ್ಣವಾಗಿದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಪಕ್ಕದ ಮನೆಯವರು ಇದಕ್ಕಾಗಿಯೇ ಗರ್ಭಕೋಶ ತೆಗೆಸಿಕೊಂಡು ಆರಾಮವಾಗಿದ್ದೇನೆ ಎನ್ನುತ್ತಾರೆ. ಪಟ್ಟಣದ ಜೀವನದಿಂದಲೇ ಹೀಗಾಗುತ್ತದೆಯೇ? ನಾನೂ ತೆಗೆಸಿಕೊಳ್ಳಬೇಕೇ? ನನ್ನ ಮಗಳಿಗೆ ಹದಿಮೂರು ವರ್ಷ, ಅವಳಿಗೂ ಬಿಳಿ ಹೋಗುತ್ತಿದೆ ಎಂದು ಭಯವಾಗಿದೆ.

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ಪಟ್ಟಣದ ನೀರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಎರಡು ವರ್ಷಗಳಲ್ಲಿ ಒಬ್ಬ ವೈದ್ಯರೂ ನಿಮ್ಮನ್ನು ಪರೀಕ್ಷಿಸಿ ನೋಡಿದಂತೆ ಕಾಣುವುದಿಲ್ಲ ಎಂಬ ಸಂಗತಿ. ಮೊದಲು ನಿಮ್ಮ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡುತ್ತೇನೆ. ಪಟ್ಟಣದಲ್ಲಿ ವಾಸಿಸುವುದರಿಂದಲೇ ಯಾರಿಗೂ ಯೋನಿಯ ಸೋಂಕು ತಗಲುವುದಿಲ್ಲ. ಆದರೆ ಪಟ್ಟಣದ ದುಡಿಮೆ ಮತ್ತು ಬಾಡಿಗೆ ಮನೆಯ ಬದುಕು ನಮ್ಮ ಮೇಲೆ ಹೇರುವ ಕೆಲವು ಅನಿವಾರ್ಯತೆಗಳು ಆ ಭಾಗದ ಸಹಜ ರಕ್ಷಣೆಯನ್ನು ಕುಗ್ಗಿಸುತ್ತವೆ, ಪರೀಕ್ಷೆಯಿಲ್ಲದೆ ಮತ್ತೆ ಮತ್ತೆ ನುಂಗುವ ಮಾತ್ರೆ ತೊಂದರೆಯನ್ನು ಬೇರೂರಿಸುತ್ತದೆ. ನೀವು ಬರೆದಿರುವ ಯಾವ ಲಕ್ಷಣಕ್ಕೂ ಗರ್ಭಕೋಶವನ್ನು ತೆಗೆಸಬೇಕಾದ ಅಗತ್ಯವಿಲ್ಲ.

ಊರಿನಲ್ಲಿ ಇದೆಲ್ಲ ಇರಲಿಲ್ಲ ಎಂಬ ಮಾತನ್ನು ತುಮಕೂರಿನಲ್ಲಿ ನೆಲೆಸಿದ ಪಾವಗಡ, ಶಿರಾ, ಕೊರಟಗೆರೆ ಕಡೆಯ ಅನೇಕ ಮಹಿಳೆಯರಿಂದ ಕೇಳಿದ್ದೇನೆ. ನಿಮ್ಮ ಮಟ್ಟಿಗೆ ಅದು ನಿಜವಿರಬಹುದು, ಆಗ ನಿಮ್ಮ ವಯಸ್ಸೂ ಕಡಿಮೆಯಿತ್ತು. ಆದರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಈ ತೊಂದರೆ ಇಲ್ಲವೆಂದು ಭಾವಿಸಲಾಗದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್, ಡಾ. ಅಭಯ್ ಬಂಗ್ ಮತ್ತು ಅವರ ತಂಡ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 92ರಷ್ಟು ಮಹಿಳೆಯರಿಗೆ ಒಂದಲ್ಲ ಒಂದು ಸ್ತ್ರೀರೋಗವಿದ್ದುದು ಕಂಡುಬಂದಿತು. ಅವರಲ್ಲಿ ಅದಕ್ಕೂ ಮೊದಲು ಅಂಥ ಪರೀಕ್ಷೆಗೆ ಒಳಗಾಗಿದ್ದವರು ಶೇ. 8 ಮಾತ್ರ. ಒಡಿಶಾದ ಮಹಿಳೆಯರ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವು ಮುಟ್ಟಿಗೆ ಬಟ್ಟೆಯನ್ನು ಒಗೆದು ಮತ್ತೆ ಬಳಸುವವರಲ್ಲಿ ಯೋನಿ ಅಥವಾ ಮೂತ್ರದ ಸೋಂಕು ಹೆಚ್ಚೆಂದು ತೋರಿಸಿತು. ನಮ್ಮದೇ ಮೈಸೂರಿನ ಯುವ ಮಹಿಳೆಯರ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಯೋನಿಯ ಜೀವಾಣುಗಳ ಸಮತೋಲ ಕೆಡುವ ಬ್ಯಾಕ್ಟೀರಿಯಲ್ ವೆಜಿನೋಸಿಸ್ ಎಂಬ ಸ್ಥಿತಿಯಿತ್ತು. ಹಳ್ಳಿಯಲ್ಲಿ ಇದನ್ನು ಹೇಳಿಕೊಳ್ಳುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಆದ್ದರಿಂದ ಪಟ್ಟಣವನ್ನು ದೂರುವ ಮೊದಲು ಆ ಅಂಗ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕು.

ಹೆರಿಗೆಯ ವಯಸ್ಸಿನ ಮಹಿಳೆಯ ಯೋನಿಯ ಒಳಗೋಡೆಯಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದನ್ನು ಉಣ್ಣುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು, ಹಾಲನ್ನು ಹುಳಿಮಾಡಿ ಮೊಸರಾಗಿಸುವ ಜೀವಾಣುಗಳ ಬಳಗಕ್ಕೇ ಸೇರಿದವು, ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತವೆ. ಇದರಿಂದ ಅಲ್ಲಿಯ ಪಿಎಚ್ 3.8ರಿಂದ 4.5ರ ನಡುವೆ, ಅಂದರೆ ಹುಳಿಯಾಗಿಯೇ ಉಳಿದು, ಬೇರೆ ಜೀವಾಣುಗಳು ತಲೆಯೆತ್ತುವುದಿಲ್ಲ. ಹೀಗೆ ಹಗಲಿರುಳು ತನ್ನನ್ನು ತಾನು ತೊಳೆದುಕೊಳ್ಳುವ ಅಂಗದಿಂದ ಸ್ವಲ್ಪ ಬಿಳಿ ಹೋಗುವುದು ಆರೋಗ್ಯದ ಲಕ್ಷಣವೇ ಹೌದು. ತಿಂಗಳ ನಡುವೆ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಯಂತೆ ಲೋಳೆಲೋಳೆಯಾಗಿ ಹೆಚ್ಚುತ್ತದೆ, ಮುಟ್ಟಿಗೆ ಮೊದಲು ದಪ್ಪವಾಗುತ್ತದೆ. ತುರಿಕೆ, ಉರಿ, ದುರ್ವಾಸನೆ, ಬಣ್ಣ ಬದಲಾವಣೆ ಇಲ್ಲದಿದ್ದರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಡ.

ಬಿಳಿ ಹೋದರೆ ಮೈಯ ಶಕ್ತಿಯೇ ಸೋರಿಹೋಗುತ್ತದೆ, ಸೊಂಟ ಸವೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸೊಂಟನೋವು, ಸುಸ್ತು, ತಲೆಸುತ್ತು ಸುಳ್ಳೆಂದು ನಾನು ಹೇಳುವುದಿಲ್ಲ, ಅವು ನಿಜವಾದ ನೋವುಗಳು. ಆದರೆ ಅವುಗಳ ಕಾರಣವನ್ನು ರಕ್ತಹೀನತೆಯಲ್ಲಿ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವುದರಲ್ಲಿ, ನಿದ್ರೆಗೆಟ್ಟ ದುಡಿಮೆಯಲ್ಲಿ ಹುಡುಕಬೇಕು. ಗೋವಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಳಿಸ್ರಾವದ ದೂರಿಗೆ ಸೋಂಕಿಗಿಂತಲೂ ಮನಸ್ಸಿನ ಸಂಕಟ ಮತ್ತು ಬದುಕಿನ ಕಷ್ಟಗಳೊಂದಿಗೆ ಹೆಚ್ಚು ನಿಕಟ ಸಂಬಂಧವಿರುವುದನ್ನು ತೋರಿಸಿತು. ಹಾಗಾಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮನಸ್ಸಿಗೆ ಭಾರವಿದ್ದರೆ ಅದನ್ನೂ ವೈದ್ಯರ ಮುಂದೆ ಹೇಳಿ, ಅದು ಹೇಳಬಾರದ ಮಾತಲ್ಲ.

ನಿಮಗಿರುವುದು ಮಾತ್ರ ಸಹಜ ಸ್ರಾವವಲ್ಲ, ಏಕೆಂದರೆ ತುರಿಕೆಯೂ ವಾಸನೆಯೂ ಇದೆ. ಈ ಎರಡನ್ನೂ ಬೇರೆ ಬೇರೆಯಾಗಿ ಗಮನಿಸುವುದು ಮುಖ್ಯ. ಮೊಸರಿನ ಗಟ್ಟಿಯಂತೆ ಬಿಳಿ ಒಡೆದು ಬರುತ್ತಾ ತುರಿಕೆಯೇ ಪ್ರಧಾನವಾಗಿದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ತೆಳುವಾದ ಬೂದುಬಿಳಿ ಸ್ರಾವ, ಮೀನಿನಂಥ ವಾಸನೆ, ಅದರಲ್ಲೂ ಸಂಭೋಗದ ನಂತರ ವಾಸನೆ ಹೆಚ್ಚುವುದು, ತುರಿಕೆ ಅಷ್ಟಾಗಿ ಇಲ್ಲದಿರುವುದು ಬ್ಯಾಕ್ಟೀರಿಯಲ್ ವೆಜಿನೋಸಿಸ್‌ನ ಲಕ್ಷಣ. ಹೊರಗಿನಿಂದ ಹೊಸ ರೋಗಾಣುವೊಂದು ಬಂದು ಸೇರುವುದಕ್ಕಿಂತ, ಲ್ಯಾಕ್ಟೋಬ್ಯಾಸಿಲಸ್‌ಗಳು ಕುಗ್ಗಿ ಗಾರ್ಡ್ನರೆಲ್ಲಾ ಮೊದಲಾದ ಜೀವಾಣುಗಳು ಹೆಚ್ಚಿದಾಗ ಈ ಸ್ಥಿತಿ ಉಂಟಾಗುತ್ತದೆ. ಹಳದಿ ಅಥವಾ ಹಸಿರು ಛಾಯೆಯ ನೊರೆನೊರೆಯಾದ ಸ್ರಾವವಿದ್ದರೆ ಟ್ರೈಕೊಮೋನಾಸ್ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕನ್ನು ಶಂಕಿಸಬೇಕು. ಕ್ಯಾಂಡಿಡಾಗೆ ಕೊಡುವ ಫ್ಲುಕೊನಜೋಲ್ ಉಳಿದೆರಡಕ್ಕೆ ನಾಟುವುದಿಲ್ಲ, ಅವುಗಳಿಗೆ ಕೊಡುವ ಮೆಟ್ರೊನಿಡಜೋಲ್ ಕ್ಯಾಂಡಿಡಾಗೆ ನಾಟುವುದಿಲ್ಲ. ಲಕ್ಷಣಗಳು ಬೆರೆತಿದ್ದರೆ ಕೇಳಿ ತಿಳಿಯುವುದಷ್ಟೇ ಸಾಲದು. ಪಿಎಚ್ ಕಾಗದ ಮತ್ತು ಸೂಕ್ಷ್ಮದರ್ಶಕವಿದ್ದರೆ ಕೆಲವೇ ನಿಮಿಷಗಳಲ್ಲಿ ಬಹಳಷ್ಟು ತಿಳಿಯುತ್ತದೆ.

ಮೆಡಿಕಲ್ ಶಾಪಿನ ಮಾತ್ರೆಯಿಂದ ಹದಿನೈದು ದಿನ ಹಾಯೆನಿಸುವುದಕ್ಕೂ ಕಾರಣವಿದೆ. ಸಾಮಾನ್ಯವಾಗಿ ಅಲ್ಲಿ ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುತ್ತಾರೆ, ಒಂದಲ್ಲ ಒಂದು ತಾಗುತ್ತದೆ. ಆದರೆ ಜೊತೆಗಿರುವ ಆಂಟಿಬಯಾಟಿಕ್ ರಕ್ಷಕ ಬ್ಯಾಕ್ಟೀರಿಯಾಗಳನ್ನೂ ಕೊಂದು ಕ್ಯಾಂಡಿಡಾಗೆ ದಾರಿ ಮಾಡಿಕೊಡುತ್ತದೆ. ಬ್ಯಾಕ್ಟೀರಿಯಲ್ ವೆಜಿನೋಸಿಸ್ ಸರಿಯಾದ ಚಿಕಿತ್ಸೆಯ ನಂತರವೂ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ವರ್ಷದೊಳಗೆ ಮರಳುತ್ತದೆ. ಅಂಥದ್ದರಲ್ಲಿ ಎರಡು ದಿನ ನುಂಗಿ ನಿಲ್ಲಿಸಿದ ಮಾತ್ರೆಯಿಂದ ವಾಸಿಯಾಗುವ ಸಂಭವ ತೀರ ಕಡಿಮೆ. ಅದೇ ಅಂಗಡಿಗಳಲ್ಲಿ ಸಿಗುವ, ಸ್ಟಿರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮುಗಳ ಬಗ್ಗೆ ನನಗೆ ಇನ್ನೂ ಹೆಚ್ಚಿನ ಕಳವಳವಿದೆ. ತೊಡೆಸಂದಿಯಲ್ಲಿ ಹುಳಕಡ್ಡಿ ಎದ್ದಾಗ ಅದನ್ನು ಹಚ್ಚಿದರೆ ಒಂದೇ ರಾತ್ರಿಯಲ್ಲಿ ತುರಿಕೆ ತಗ್ಗುತ್ತದೆ, ಆದರೆ ಸ್ಟಿರಾಯ್ಡಿನ ಮರೆಯಲ್ಲಿ ಶಿಲೀಂಧ್ರ ಹರಡುತ್ತಾ ಹೋಗಿ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುವ ಮಟ್ಟಕ್ಕೆ ಬೆಳೆಯುತ್ತದೆ. ಅಂಥ ಟ್ಯೂಬ್ ಮನೆಯಲ್ಲಿದ್ದರೆ ಬಳಸಬೇಡಿ, ವೈದ್ಯರ ಬಳಿ ಹೋಗುವಾಗ ತಪ್ಪದೆ ಒಯ್ದು ತೋರಿಸಿ.

ಈಗ ಪಟ್ಟಣದ ದಿನಚರಿಗೆ ಬರೋಣ. ನಿಮ್ಮಂತೆ ಲೈನಿನಲ್ಲಿ ಕೂತು ಹೊಲಿಯುವವರು, ಅಂಗಡಿಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರು, ಬೆಳಿಗ್ಗೆ ರೈಲು ಹಿಡಿದು ಯಶವಂತಪುರಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವವರು, ಎಲ್ಲರೂ ಒಂದೇ ಉಪಾಯವನ್ನು ಕಂಡುಕೊಂಡಿರುತ್ತಾರೆ: ಶೌಚಾಲಯಕ್ಕೆ ಹೋಗಬಾರದೆಂದು ನೀರು ಕುಡಿಯದಿರುವುದು. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ, ಅದರ ಬಾಯಿ ಯೋನಿಗೂ ಗುದದ್ವಾರಕ್ಕೂ ಹತ್ತಿರದಲ್ಲಿದೆ. ಒಳಸೇರಿದ ಬ್ಯಾಕ್ಟೀರಿಯಾಗಳನ್ನು ಹೊರಗೆ ತಳ್ಳುವ ಸಹಜ ಮಾರ್ಗವೆಂದರೆ ಆಗಾಗ್ಗೆ ಮೂತ್ರ ವಿಸರ್ಜಿಸುವುದು. ನೀರು ಕಡಿಮೆ ಕುಡಿಯುವ, ಮೂತ್ರದ ಸೋಂಕು ಪದೇಪದೇ ಕಾಡುವ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂದರೆ, ಹಾಗೆ ಕುಡಿಯದವರಿಗೆ 3.2 ಸಲ ಬಂದಿತು. ನಿಮ್ಮ ಮೂತ್ರದ ಉರಿಗೆ ಇದೂ ಒಂದು ಕಾರಣವಿರಬಹುದು, ಯೋನಿಯ ಹೊರಭಾಗದ ಕೆರೆತದಿಂದಾದ ಗಾಯಕ್ಕೆ ಮೂತ್ರ ತಾಗಿಯೂ ಉರಿಯಬಹುದು. ಮೂತ್ರ ಪರೀಕ್ಷೆ ಮಾಡಿಸಿದರೆ ಯಾವುದೆಂದು ತಿಳಿಯುತ್ತದೆ.

ಇಲ್ಲಿ ನಾನು ಒಂದು ಮಾತನ್ನು ಬಲವಾಗಿ ಹೇಳಬೇಕು. ನೀರು ಕುಡಿಯಿರಿ ಎಂದು ನಿಮಗೊಬ್ಬರಿಗೆ ಉಪದೇಶಿಸಿ ಸುಮ್ಮನಾಗುವುದು ಅನ್ಯಾಯ. ಕಾರ್ಖಾನೆಯಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿರಬೇಕು, ಅದು ಕೆಲಸಗಾರರಿಗೆ ಎಲ್ಲ ಸಮಯದಲ್ಲೂ ಬಳಸಲು ದೊರೆಯಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 19ನೆಯ ಕಲಮಿನಲ್ಲೇ ಬರೆಯಲಾಗಿತ್ತು. ಎರಡು ಬಿಡುವಿನ ವೇಳೆಯಲ್ಲಿ ಮಾತ್ರ ಹೋಗಬೇಕು, ಪದೇಪದೇ ಎದ್ದರೆ ಸೂಪರ್‌ವೈಸರ್ ಬೈಯುತ್ತಾರೆ ಎಂಬ ಪರಿಸ್ಥಿತಿಯಿದ್ದರೆ ಅದು ಆರೋಗ್ಯದ ವಿಷಯವೆಂದು ನಾಲ್ಕಾರು ಮಂದಿ ಸೇರಿ ಆಡಳಿತದವರ ಮುಂದಿಡಿ. ಒಬ್ಬೊಬ್ಬರಾಗಿ ಕೇಳುವುದು ಕಷ್ಟವೆಂದು ನನಗೆ ಗೊತ್ತಿದೆ. ವೈದ್ಯರಿಂದ ಚೀಟಿ ಬೇಕೆಂದರೆ ಕೇಳಿ ಬರೆಸಿಕೊಳ್ಳಿ.

ಮುಟ್ಟಿನ ದಿನಗಳಲ್ಲೂ ತೊಡಕು ಇದೇ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬೆಳಿಗ್ಗೆ ಏಳಕ್ಕೆ ಇಟ್ಟುಕೊಂಡ ಪ್ಯಾಡನ್ನು ಸಂಜೆ ಮನೆಗೆ ಬಂದು ತೆಗೆಯುವವರಿಗೆ ಒದ್ದೆಯ ಉಜ್ಜಾಟದಿಂದ ತೊಡೆಸಂದಿ ಹುಣ್ಣಾಗುತ್ತದೆ. ರಕ್ತವು ಯೋನಿಯ ಹುಳಿಯನ್ನು ತಗ್ಗಿಸುವುದರಿಂದ ಮುಟ್ಟಿನ ಬೆನ್ನಿಗೇ ವಾಸನೆ ಕಾಣಿಸುವುದೂ ಉಂಟು. ಬಟ್ಟೆ ಬಳಸುವವರಿಗೆ ಪಟ್ಟಣದಲ್ಲಿ ಇನ್ನೊಂದು ಕಷ್ಟ: ಊರಿನಲ್ಲಿ ಹಿತ್ತಲಿತ್ತು, ಬಿಸಿಲಿತ್ತು. ಬಾಡಿಗೆ ಮನೆಯಲ್ಲಿ ತಾರಸಿ ಮಾಲೀಕರದ್ದು, ಬಟ್ಟೆ ಬಚ್ಚಲುಮನೆಯಲ್ಲೇ ಬೇರೆ ಬಟ್ಟೆಯ ಕೆಳಗೆ ಅರೆ ಒಣಗುತ್ತದೆ. ಬಿಸಿಲಿನಲ್ಲಿ ಒಣಗಿಸಲು ಸಾಧ್ಯವಿಲ್ಲದಿದ್ದರೆ ಬಟ್ಟೆಯನ್ನು ಬಿಟ್ಟು ಪ್ಯಾಡ್ ಬಳಸುವುದೇ ಲೇಸು. ಶುದ್ಧ ನೀರಿನಲ್ಲಿ ಕುದಿಸಿ ಇಡಬಹುದಾದ ಮುಟ್ಟಿನ ಕಪ್ ಕೂಡ ದೀರ್ಘ ಪಾಳಿಯ ಕೆಲಸಕ್ಕೆ ಒಗ್ಗುತ್ತದೆ, ಅದನ್ನು ಎಂಟರಿಂದ ಹನ್ನೆರಡು ಗಂಟೆಯವರೆಗೆ ಇಟ್ಟುಕೊಳ್ಳಬಹುದು. ಒಳಉಡುಪು ಹತ್ತಿಯದಾಗಿರಲಿ, ಬೆವರಿನಲ್ಲಿ ನೆನೆದ ಬಿಗಿಯಾದ ಲೆಗ್ಗಿಂಗ್ಸನ್ನು ಮನೆಗೆ ಬಂದೊಡನೆ ಬದಲಿಸಿ.

ಪಟ್ಟಣದ ಅಂಗಡಿಗಳು ಮಾರುವ ಇನ್ನೊಂದು ವಸ್ತು ಆ ಭಾಗಕ್ಕೆಂದೇ ತಯಾರಿಸಿದ ವಾಶ್. ಅದರ ಅಗತ್ಯ ಯಾರಿಗೂ ಇಲ್ಲ. ಹೊರಭಾಗವನ್ನು ದಿನಕ್ಕೆ ಒಂದೆರಡು ಬಾರಿ ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು. ಸಾಮಾನ್ಯ ಸೋಪು ಕ್ಷಾರಗುಣದ್ದು, ಅದನ್ನು ಒಳಗೆ ಹಾಕಿ ತೊಳೆದರೆ ಮೇಲೆ ಹೇಳಿದ ಹುಳಿ ಕೆಡುತ್ತದೆ. ಬಿಸಿನೀರಿಗೆ ಸೋಂಕುನಾಶಕ ದ್ರವ ಬೆರೆಸಿ ಒಳಗೆ ತೊಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಒಳಗೆ ತೊಳೆಯುವವರಲ್ಲಿ ಬ್ಯಾಕ್ಟೀರಿಯಲ್ ವೆಜಿನೋಸಿಸ್ ಹೆಚ್ಚು. ಮೊಸರನ್ನು ಊಟದಲ್ಲಿ ಧಾರಾಳವಾಗಿ ಉಣ್ಣಿ, ಒಳಗೆ ಹಚ್ಚಬೇಡಿ.

ನಿಮ್ಮ ಅತ್ತೆಯವರ ಮಾತಿಗೆ ಬಂದರೆ, ಅವರ ಕಾಳಜಿಯನ್ನು ಗೌರವಿಸೋಣ. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಾಗಲಿ, ಕೊಳವೆಬಾವಿಯ ಗಡಸು ನೀರಾಗಲಿ ಯೋನಿಗೆ ಸೋಂಕು ತರುವುದಿಲ್ಲ. ನಮ್ಮ ಜಿಲ್ಲೆಯ ಪಾವಗಡದ ಕಡೆ ನೀರಿನಲ್ಲಿರುವ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ, ಈ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಉಷ್ಣವೆಂದು ಅವರು ಕೊಡುವ ಮಜ್ಜಿಗೆ, ಎಳನೀರು, ಜೀರಿಗೆ ನೀರನ್ನು ಸಂತೋಷದಿಂದ ಕುಡಿಯಿರಿ, ಮೂತ್ರದ ಉರಿಗೆ ಅಷ್ಟು ದ್ರವ ಒಳಗೆ ಹೋದದ್ದೂ ಒಳ್ಳೆಯದೇ. ಅದರಿಂದ ಸೋಂಕು ವಾಸಿಯಾಗುವುದಿಲ್ಲ ಎಂಬುದಷ್ಟೇ ನೆನಪಿರಲಿ.

ಪಟ್ಟಣದ ಊಟದ ಬಗ್ಗೆ ಅವರು ಹೇಳಿದ್ದರಲ್ಲಿ ಒಂದು ಎಳೆ ಸರಿಯಾಗಿದೆ, ಅದು ಸಕ್ಕರೆ ಕಾಯಿಲೆ. ಕೂತು ಮಾಡುವ ಕೆಲಸ, ಬೇಕರಿಯ ತಿಂಡಿ, ಏರುವ ತೂಕದೊಂದಿಗೆ ಮೂವತ್ತರ ಆಸುಪಾಸಿನಲ್ಲೇ ಮಧುಮೇಹ ಕಾಣಿಸುತ್ತಿದೆ, ಮತ್ತೆ ಮತ್ತೆ ಬರುವ ಕ್ಯಾಂಡಿಡಾ ಅದರ ಮೊದಲ ಸುಳಿವಾಗಿರಬಹುದು. ವರ್ಷಕ್ಕೆ ಮೂರು ನಾಲ್ಕು ಸಲ ಇಂಥ ತುರಿಕೆ ಬಂದವರೆಲ್ಲರೂ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಲೇಬೇಕು. ಮಧುಮೇಹಿಗಳಲ್ಲಿ ಕೆಲವೊಮ್ಮೆ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಪ್ರಭೇದವಿರುತ್ತದೆ, ಅದು ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಈಗಾಗಲೇ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಿರುವ ಓದುಗರಿಗೆ ಇನ್ನೊಂದು ಮಾತು: ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಜನನಾಂಗದ ಶಿಲೀಂಧ್ರ ಸೋಂಕು ಹೆಚ್ಚುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಒಳ್ಳೆಯ ಔಷಧಿಗಳಾದ್ದರಿಂದ ತಾವಾಗಿಯೇ ನಿಲ್ಲಿಸಬೇಡಿ, ತುರಿಕೆ ಇದೆಯೆಂದು ಬರೆದುಕೊಟ್ಟ ವೈದ್ಯರಿಗೇ ತಿಳಿಸಿ.

ನಿಮ್ಮ ಪತ್ರದಲ್ಲಿ ಯಜಮಾನರ ಪ್ರಸ್ತಾಪವಿಲ್ಲ. ಟ್ರೈಕೊಮೋನಾಸ್ ಇದ್ದರೆ ಅವರಿಗೂ ಚಿಕಿತ್ಸೆ ಕಡ್ಡಾಯ, ಇಲ್ಲವಾದರೆ ನಿಮಗೆ ವಾಸಿಯಾದದ್ದು ಮತ್ತೆ ತಗಲುತ್ತದೆ. ಬ್ಯಾಕ್ಟೀರಿಯಲ್ ವೆಜಿನೋಸಿಸ್‌ಗೆ ಗಂಡಸರ ಚಿಕಿತ್ಸೆ ಬೇಡವೆಂದು ಬಹುಕಾಲ ತಿಳಿದಿದ್ದೆವು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವು ಆ ಅಭಿಪ್ರಾಯವನ್ನು ಬದಲಿಸಿದೆ. ಮಹಿಳೆಗೆ ಮಾತ್ರ ಚಿಕಿತ್ಸೆ ಕೊಟ್ಟಾಗ ಮೂರು ತಿಂಗಳೊಳಗೆ ಶೇ. 63ರಷ್ಟು ಮಂದಿಗೆ ಅದು ಮರುಕಳಿಸಿದರೆ, ಸಂಗಾತಿಗೂ ಒಂದು ವಾರ ಮಾತ್ರೆ ಮತ್ತು ಕ್ರೀಮು ಕೊಟ್ಟಾಗ ಶೇ. 35ಕ್ಕೆ ಇಳಿಯಿತು. ಅದನ್ನು ಕೇಳಿ ಯಾರ ನಡತೆಯ ಮೇಲೂ ಅನುಮಾನಪಡಬೇಕಾಗಿಲ್ಲ. ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ, ವೈದ್ಯರೇ ಅವರಿಗೆ ವಿವರಿಸಲಿ.

ಗರ್ಭಕೋಶದ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಈ ಸೋಂಕುಗಳು ಇರುವುದು ಯೋನಿಯಲ್ಲಿ, ಗರ್ಭಕೋಶ ತೆಗೆದರೂ ಯೋನಿ ಅಲ್ಲೇ ಇರುತ್ತದೆ, ಬ್ಯಾಕ್ಟೀರಿಯಲ್ ವೆಜಿನೋಸಿಸ್ ಕ್ಯಾಂಡಿಡಾ ಎರಡೂ ಮತ್ತೆ ಬರಬಲ್ಲವು. ನಿಮ್ಮ ವಯಸ್ಸಿನಲ್ಲಿ ಅಂಡಾಶಯಗಳನ್ನೂ ಜೊತೆಗೆ ತೆಗೆದುಬಿಟ್ಟರೆ ಮುಟ್ಟು ನಿಂತವರ ಮೂಳೆ ಸವೆತ, ಯೋನಿಯ ಒಣಗುವಿಕೆ, ಉರಿ ಮೂವತ್ತರಲ್ಲೇ ಶುರುವಾಗುತ್ತವೆ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಬಿಳಿಸ್ರಾವ, ಹೊಟ್ಟೆನೋವಿನಂಥ ದೂರುಗಳಿಗೇ ಗರ್ಭಕೋಶ ತೆಗೆದದ್ದು ದಶಕದ ಹಿಂದೆ ದೊಡ್ಡ ಸುದ್ದಿಯಾಗಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಯಾರಾದರೂ ನಿಮಗೆ ತೆಗೆಸಿಬಿಡಿ ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸದೆ ಒಪ್ಪಬೇಡಿ. ಮಕ್ಕಳಾಗದ ಆಪರೇಷನ್ನಿನಿಂದ ಬಿಳಿ ಹೋಗುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಇನ್ನು ಮಾಡಬೇಕಾದದ್ದು. ತುಮಕೂರು ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ, ಇಎಸ್‌ಐ ಕಾರ್ಡ್ ಇದ್ದರೆ ಅದರ ಚಿಕಿತ್ಸಾಲಯಕ್ಕೋ ಈ ವಾರದಲ್ಲೇ ಹೋಗಿ. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ, ಗೋಪ್ಯತೆಯನ್ನೂ ಕಾಪಾಡುತ್ತಾರೆ. ಯೋನಿಸ್ರಾವಕ್ಕೆ ಅಲ್ಲಿ ಕೊಡುವ ಹಸಿರು ಕಿಟ್‌ನಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಎರಡೂ ಇರುತ್ತವೆ. ಬಸುರಿಯರು ಮಾತ್ರ ಫ್ಲುಕೊನಜೋಲ್ ನುಂಗಬಾರದು. ಮುಟ್ಟಿಲ್ಲದ ದಿನ ಹೋಗಿ, ಹೋಗುವ ಮೊದಲಿನ ಎರಡು ದಿನ ಯಾವ ಕ್ರೀಮನ್ನೂ ಹಚ್ಚಬೇಡಿ, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಯ್ಯಿರಿ. ತುರಿಕೆ ಹೆಚ್ಚೋ ವಾಸನೆ ಹೆಚ್ಚೋ, ಮುಟ್ಟಿಗೆ ಮೊದಲೋ ನಂತರವೋ ಎಂಬುದನ್ನು ಹೇಳಿ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಸಂಕೋಚಪಡಬೇಡಿ. ಮೂವತ್ತು ದಾಟಿರುವುದರಿಂದ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಅದೇ ಭೇಟಿಯಲ್ಲಿ ಮಾಡಿಸಿಕೊಳ್ಳಿ. ಸಂಭೋಗದ ನಂತರ ರಕ್ತ, ಮುಟ್ಟುಗಳ ನಡುವೆ ರಕ್ತ, ಜ್ವರದೊಂದಿಗೆ ಕಿಬ್ಬೊಟ್ಟೆ ಅಥವಾ ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಒಂದು ದಿನವನ್ನೂ ತಡಮಾಡಬೇಡಿ.

ನಿಮ್ಮ ಮಗಳ ವಿಷಯದಲ್ಲಿ ಭಯಪಡುವ ಕಾರಣ ಕಾಣುವುದಿಲ್ಲ. ಮೈನೆರೆಯುವುದಕ್ಕೆ ಮೊದಲಿನ ತಿಂಗಳುಗಳಿಂದಲೇ ಹಾರ್ಮೋನುಗಳ ಪ್ರಭಾವದಿಂದ ಹುಡುಗಿಯರಿಗೆ ಬಿಳಿ ಹೋಗುತ್ತದೆ, ತುರಿಕೆ ಮತ್ತು ವಾಸನೆ ಇಲ್ಲದಿದ್ದರೆ ಅದು ಬೆಳವಣಿಗೆಯ ಭಾಗ. ಅವಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹಾಕಿಸಲು ಇದು ಸರಿಯಾದ ವಯಸ್ಸು, ಹದಿನೈದು ತುಂಬುವ ಮೊದಲು ಹಾಕಿಸಿದರೆ ಕಡಿಮೆ ಡೋಸ್ ಸಾಕು. ತುರಿಕೆ, ದುರ್ವಾಸನೆ ಇದ್ದರೆ, ಅಥವಾ ಯಾರಾದರೂ ಅವಳೊಂದಿಗೆ ಕೆಟ್ಟದಾಗಿ ನಡೆದುಕೊಂಡಿರಬಹುದೆಂಬ ಶಂಕೆ ನಿಮಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಚಿಕ್ಕ ಹುಡುಗಿಯರಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಬೇಕಾಗುವುದಿಲ್ಲ, ನೀವು ಜೊತೆಗಿರುವಂತೆಯೇ, ಅವಳ ಒಪ್ಪಿಗೆ ಪಡೆದು, ಹೊರಗಿನಿಂದ ನೋಡುತ್ತಾರೆ. ಇದನ್ನು ಅವಳಿಗೆ ಮನೆಯಲ್ಲೇ ಮೊದಲು ಹೇಳಿ ಕರೆದುಕೊಂಡು ಹೋಗಿ.